ಹ್ಯಾಂಡಿಕ್ಯಾಪ್ ಕುದುರೆ ಪಂದ್ಯಗಳಲ್ಲಿ ದರ್ಜೆ ನಿರ್ಣಯ

ಪಂದ್ಯದ ಕುದುರೆಯೊಂದು ಯಾವ ಮಟ್ಟದ ಎದುರಾಳಿಗಳೊಡನೆ ಸೆಣಸಬಲ್ಲದು ಎಂಬುದರ ಅಳತೆಗೆ ದರ್ಜೆ ಅಥವಾ ಕ್ಲಾಸ್ ಎಂದು ಹೆಸರು. ಬೆಂಗಳೂರು ಟರ್ಫ್ ಕ್ಲಬ್ ಹಾಗೂ 1891ರಲ್ಲಿ ಸ್ಥಾಪನೆಯಾದ ಮೈಸೂರು ರೇಸ್ ಕ್ಲಬ್ ನಡೆಸುವ ಹ್ಯಾಂಡಿಕ್ಯಾಪ್ ಪಂದ್ಯಗಳು ಈ ಅಳತೆಯನ್ನು ಆಧರಿಸಿವೆ.

ರೇಟಿಂಗ್ ಮತ್ತು ಭಾರ

ಹ್ಯಾಂಡಿಕ್ಯಾಪರ್ ಎಂಬ ಅಧಿಕಾರಿಯು ಪ್ರತಿ ಕುದುರೆಯ ಓಟಗಳನ್ನು ಪರಿಶೀಲಿಸಿ ಅಂಕ, ಅಂದರೆ ರೇಟಿಂಗ್, ನಿಗದಿಪಡಿಸುತ್ತಾರೆ. ಸಮೀಪದ ಅಂಕಗಳ ಕುದುರೆಗಳು ಒಂದೇ ದರ್ಜೆಯಲ್ಲಿ ಓಡುತ್ತವೆ. ಭಾರತದಲ್ಲಿ ಒಂದು ಅಂಕಕ್ಕೆ ಅರ್ಧ ಕಿಲೋಗ್ರಾಂ ಭಾರದ ಲೆಕ್ಕವಿದೆ. ಉದಾಹರಣೆಗೆ, 50 ಅಂಕದ ಕುದುರೆಗೆ 60 ಕಿ.ಗ್ರಾಂ. ಭಾರವಿದ್ದರೆ 40 ಅಂಕದ್ದಕ್ಕೆ 55 ಕಿ.ಗ್ರಾಂ. ಇರುತ್ತದೆ. ಗೆದ್ದ ಕುದುರೆಯ ಅಂಕ ಏರುತ್ತದೆ. ಸತತವಾಗಿ ಸೋತದ್ದರ ಅಂಕ ಇಳಿಯುತ್ತದೆ.

ಅಳೆಯುವ ಬಗೆ

ಗೆಲುವೊಂದರಿಂದಲೇ ದರ್ಜೆ ತಿಳಿಯದು. ಗೆದ್ದ ಅಂತರ, ಹೊತ್ತ ಭಾರ, ಓಟದ ದೂರ ಇವುಗಳನ್ನು ಒಟ್ಟಾಗಿ ಪರಿಗಣಿಸಬೇಕು. ಆ ಪಂದ್ಯದಲ್ಲಿ ಸೋತ ಕುದುರೆಗಳು ಮುಂದೆ ಗೆಲ್ಲತೊಡಗಿದರೆ ಹಿಂದಿನ ಗೆಲುವಿನ ಬೆಲೆ ಹೆಚ್ಚುತ್ತದೆ. ಓಟಕ್ಕೆ ತಗುಲಿದ ಸಮಯವು ನೆಲದ ತೇವವನ್ನೂ ಆರಂಭದ ವೇಗವನ್ನೂ ಅವಲಂಬಿಸುವುದರಿಂದ ಅದೊಂದೇ ಸಾಕಾಗದು.

ಮಿತಿಗಳು

ಕೆಳದರ್ಜೆಯಲ್ಲಿ ಸುಲಭವಾಗಿ ಗೆದ್ದ ಕುದುರೆಯು ಮೇಲ್ದರ್ಜೆಯಲ್ಲಿ ಕಡಿಮೆ ಭಾರ ಹೊತ್ತೂ ಸೋಲುವುದುಂಟು. ಅಲ್ಲಿ ಓಟವು ಮೊದಲಿನಿಂದಲೇ ಬಿರುಸಾಗಿದ್ದು, ಕೊನೆಯ ಹಂತಕ್ಕೆ ಅದರ ಕಸುವು ಉಳಿಯದು. ದರ್ಜೆ ಇಳಿದ ಕುದುರೆಗೆ ಎದುರಾಳಿಗಳು ದುರ್ಬಲರಾದರೂ, ಇಳಿಕೆಗೆ ವಯಸ್ಸು ಅಥವಾ ಗಾಯ ಕಾರಣವಾಗಿದ್ದರೆ ಹಳೆಯ ಸಾಧನೆಯನ್ನು ನೆಚ್ಚುವಂತಿಲ್ಲ. ಡರ್ಬಿಯಂತಹ ಪಂದ್ಯಗಳಲ್ಲಿ ರೇಟಿಂಗಿಗೆ ತಕ್ಕಂತೆ ಭಾರ ಹೊರಿಸುವುದಿಲ್ಲ. ಆದ್ದರಿಂದ ಕುದುರೆಯ ನಿಜವಾದ ದರ್ಜೆ ಅಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.