ತೊಡೆ ತಟ್ಟಿದವನ ಸಾಲ

ಕನ್ನಡದಲ್ಲಿ ‘ಸಡ್ಡು ಹೊಡೆಯುವುದು’, ‘ತೊಡೆ ತಟ್ಟುವುದು’ ಎಂದು ಎರಡು ಮಾತುಗಳಿವೆ. ಚುನಾವಣೆಗೆ ನಿಂತವರು, ನ್ಯಾಯಾಲಯದ ಮೆಟ್ಟಿಲೇರಿದವರು, ನೆರೆಯವನೊಡನೆ ಬೇಲಿಯ ಜಗಳ ತೆಗೆದವರು ಎಲ್ಲರೂ ಪತ್ರಿಕೆಗಳ ಭಾಷೆಯಲ್ಲಿ ದಿನವೂ ತೊಡೆ ತಟ್ಟುತ್ತಿರುತ್ತಾರೆ. ಅವರಲ್ಲಿ ಬಹುಮಂದಿ ಹುಟ್ಟಿದಾಗಿನಿಂದ ಗರಡಿಯ ಮಣ್ಣು ಮುಟ್ಟಿದವರಲ್ಲ. ಮಾತು ಮಾತ್ರ ಗರಡಿಯಿಂದಲೇ ಬಂದದ್ದು. ಆಟದ ಕಣದಲ್ಲಿ ಎದುರಾಳಿಯನ್ನು ಕೆಣಕುವುದು, ಗೆದ್ದೊಡನೆ ಕುಣಿಯುವುದು ಇವೆಲ್ಲ ಟೆಲಿವಿಷನ್ ಕಾಲದ ಕೆಟ್ಟ ಚಾಳಿ ಎಂದು ನನ್ನ ವಯಸ್ಸಿನವರು ಗೊಣಗುವುದುಂಟು. ನಮ್ಮ ನುಡಿಯೇ ಇದನ್ನು ಒಪ್ಪದು. ಕೆಣಕು ನಮ್ಮಲ್ಲಿ ಬಹಳ ಹಳೆಯದು. ಅದಕ್ಕೊಂದು ಕಟ್ಟಳೆಯಿತ್ತೆಂಬುದನ್ನು ನಾವು ಮರೆತಿದ್ದೇವೆ, ಅಷ್ಟೆ.

ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆ ನಡೆಯುತ್ತದೆ. ಜಾತ್ರೆಯೆಂದ ಮೇಲೆ ಬಯಲು ಕುಸ್ತಿ ಇರಲೇಬೇಕು. ಜನರ ನಡುವೆ ಮೊಣಕೈ ತೂರಿಸಿಕೊಂಡು ನಿಂತು ಆ ಕುಸ್ತಿಯನ್ನು ನಾನೂ ನೋಡಿದ್ದೇನೆ. ಪೈಲ್ವಾನ ಕಣಕ್ಕಿಳಿದೊಡನೆ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಆಮೇಲೆ ತೊಡೆ ತಟ್ಟುತ್ತಾನೆ. ತೋಳಿಗೆ ಸಡ್ಡು ಹೊಡೆಯುತ್ತಾನೆ. ಆ ಸದ್ದಿಗೆ ಎದುರಿನವನ ಸದ್ದೇ ಉತ್ತರ. ಬಳಿಕ ಇಬ್ಬರೂ ಕೈ ಕೂಡಿಸುತ್ತಾರೆ, ಹಿಡಿತ ಬೀಳುತ್ತದೆ. ಒಬ್ಬ ಚಿತ್ತಾದ ಮೇಲೆ ಗೆದ್ದವನನ್ನು ಅವನ ಕಡೆಯವರು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಮೆರವಣಿಗೆ ಎಷ್ಟು ಅಬ್ಬರದ್ದಾದರೂ ಸರಿಯೆ, ನೆಲಕ್ಕೆ ಬಿದ್ದವನ ಎದುರು ನಿಂತು ಗೆದ್ದವನು ಮತ್ತೆ ತೊಡೆ ತಟ್ಟಿದರೆ ಹಿರಿಯರು ಗದರಿಸುತ್ತಾರೆ. ತೊಡೆ ತಟ್ಟುವುದಕ್ಕೆ ಕುಸ್ತಿಗೆ ಮುಂಚೆ ಅಪ್ಪಣೆಯುಂಟು, ಆಮೇಲೆ ಇಲ್ಲ.

ಈ ಕ್ರಮ ನಿನ್ನೆ ಮೊನ್ನೆಯದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಜಟ್ಟಿಗಳ ಆಹಾರ, ಅಭ್ಯಾಸ, ಕಾಳಗಗಳನ್ನು ವಿವರಿಸಿದ್ದಾನೆ. ಅದಕ್ಕೂ ಹಿಂದೆ, ಹತ್ತನೆಯ ಶತಮಾನದ ಕೊನೆಗೆ, ರನ್ನನು ತನ್ನ ‘ಗದಾಯುದ್ಧ’ವನ್ನು ಇಂಥ ಕೆಣಕಿನ ಮೇಲೆಯೇ ನಿಲ್ಲಿಸಿದ್ದಾನೆ. ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಹೊರಗೆಳೆದು ತಂದದ್ದು ಭೀಮನ ಗದೆಯಲ್ಲ, ಅವನ ನಾಲಗೆ. ಆ ಮೂದಲಿಕೆಯನ್ನು ಕನ್ನಡಿಗರು ಸಾವಿರ ವರ್ಷ ಸವಿದಿದ್ದಾರೆ. ಆದರೆ ವ್ಯಾಸಭಾರತದಲ್ಲಿ ಒಂದು ಸಂಗತಿಯುಂಟು. ತೊಡೆ ಮುರಿದು ಬಿದ್ದ ದುರ್ಯೋಧನನ ತಲೆಯನ್ನು ಭೀಮ ಎಡಗಾಲಿನಿಂದ ತುಳಿದಾಗ ಅವನನ್ನು ತಡೆದು ಗದರಿದವನು ಸ್ವಂತ ಅಣ್ಣನಾದ ಧರ್ಮರಾಜ. ಕಾಳಗಕ್ಕೆ ಮುಂಚಿನ ಬೈಗುಳಕ್ಕೆ ಅಣ್ಣ ಅಡ್ಡ ಬರಲಿಲ್ಲ. ಗೆಲುವಿನ ಮೇಲಣ ಕಾಲಿಗೆ ಅಡ್ಡ ಬಂದ.

ಇದರ ಮರ್ಮ ನನಗೆ ತೋರುವುದು ಹೀಗೆ. ಕಾಳಗಕ್ಕೆ ಮುಂಚೆ ಆಡಿದ ದೊಡ್ಡ ಮಾತು ಒಂದು ಸಾಲ. ಆಡಿದವನು ಅದನ್ನು ಕಣದಲ್ಲಿ ತೀರಿಸಬೇಕು. ತೀರಿಸಲಾರದೆ ಹೋದರೆ ಎಲ್ಲರೆದುರು ಮಾನ ಕಳೆದುಕೊಳ್ಳಬೇಕು. ಅಷ್ಟು ಅಪಾಯವನ್ನು ತಲೆಯ ಮೇಲೆ ಹೊತ್ತು ಆಡುವ ಮಾತಿಗೆ ಒಂದು ಬಗೆಯ ಧೈರ್ಯ ಬೇಕು. ಗೆದ್ದ ಮೇಲೆ ಸೋತವನನ್ನು ಹಂಗಿಸುವ ಮಾತಿಗೆ ಇಂಥ ಯಾವ ಅಪಾಯವೂ ಇಲ್ಲ. ಪುಕ್ಕಟೆಯ ಮಾತಾದುದರಿಂದಲೇ ಅದು ಅಗ್ಗದ್ದು.

ಈ ಲೆಕ್ಕಾಚಾರಕ್ಕೆ ನಮ್ಮ ಜಿಲ್ಲೆಯ ಒಬ್ಬರ ಆಟದ ಬದುಕಿನಲ್ಲೇ ದೃಷ್ಟಾಂತಗಳು ದೊರೆಯುತ್ತವೆ. ಬೆಂಕಿಪುರವೆಂಬ ಹೆಸರಿದ್ದ ಊರು ಕಬ್ಬಿಣದ ಕಾರ್ಖಾನೆಯ ಭದ್ರಾವತಿಯಾಗಿ ಬೆಳೆದ ಕಾಲದಲ್ಲಿ, 1949ರ ಫೆಬ್ರವರಿ 12ರಂದು, ಅಲ್ಲಿ ಗುಂಡಪ್ಪ ವಿಶ್ವನಾಥ್ ಹುಟ್ಟಿದರು. ಬೆಳೆದದ್ದು, ಆಟ ಕಲಿತದ್ದು ಬೆಂಗಳೂರಿನಲ್ಲಾದರೂ ಭದ್ರಾವತಿಯವರು ಅವರನ್ನು ಬಿಟ್ಟುಕೊಟ್ಟಿಲ್ಲ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಮೇಲೆ ಆಡಿದ ಮೊದಲ ಟೆಸ್ಟಿನಲ್ಲಿ ಒಂದು ಸರದಿಗೆ ಸೊನ್ನೆ, ಇನ್ನೊಂದಕ್ಕೆ 137. ಆಗ ಒಂದು ಅಪಶಕುನದ ಮಾತಿತ್ತು: ಮೊದಲ ಟೆಸ್ಟಿನಲ್ಲೇ ನೂರು ಹೊಡೆದ ಭಾರತೀಯನಿಗೆ ಎರಡನೆಯ ನೂರು ಬರುವುದಿಲ್ಲವೆಂದು. ಲಾಲಾ ಅಮರನಾಥರಿಂದ ಹನುಮಂತಸಿಂಗರವರೆಗೆ ಯಾರಿಗೂ ಬಂದಿರಲಿಲ್ಲ. 1973ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ಮೇಲೆ 113 ಓಟ ಗಳಿಸಿ ವಿಶ್ವನಾಥ್ ಆ ಮಾತನ್ನು ಸುಳ್ಳು ಮಾಡಿದರು. ನೂರು ತುಂಬಿದಾಗ ಸಂಭ್ರಮಿಸಿದವನು ಎದುರಾಳಿ! ಆರೂವರೆ ಅಡಿಯ ಟೋನಿ ಗ್ರೆಗ್, ಐದಡಿಯನ್ನು ತುಸುವೇ ಮೀರಿದ ವಿಶ್ವನಾಥರನ್ನು ಎತ್ತಿಕೊಂಡು ತೊಟ್ಟಿಲ ಮಗುವಿನಂತೆ ತೋಳಲ್ಲಿ ತೂಗಿದ.

ಅದೇ ಗ್ರೆಗ್ 1976ರಲ್ಲಿ ಇಂಗ್ಲೆಂಡಿನ ನಾಯಕನಾಗಿ, ಪ್ರವಾಸಕ್ಕೆ ಬಂದ ವೆಸ್ಟ್ ಇಂಡೀಸ್ ತಂಡವನ್ನು ನೆಲದ ಮೇಲೆ ತೆವಳಿಸುವುದಾಗಿ ಟೆಲಿವಿಷನ್ನಿನಲ್ಲಿ ನುಡಿದ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಬಿಳಿಯನ ಬಾಯಲ್ಲಿ, ಗುಲಾಮರ ಸಂತತಿಯವರನ್ನು ಕುರಿತು ಬಂದ ಆ ಮಾತು ಆಟದ ಕೆಣಕಿನ ಎಲ್ಲೆ ಮೀರಿತ್ತು. ಸಾಲ ಬಡ್ಡಿ ಸಮೇತ ವಸೂಲಾಯಿತು. ಸರಣಿಯಲ್ಲಿ ಇಂಗ್ಲೆಂಡ್ 3–0ಯಿಂದ ಸೋತಿತು. ಓವಲ್ ಟೆಸ್ಟಿನಲ್ಲಿ ರಿಚರ್ಡ್ಸ್ 291 ಹೊಡೆದ. ಹೋಲ್ಡಿಂಗ್ 14 ವಿಕೆಟ್ ಕಿತ್ತ, ಎರಡು ಸರದಿಯಲ್ಲೂ ಗ್ರೆಗ್‌ನ ಗೂಟ ಹಾರಿಸಿದ. ಕೊನೆಗೆ ಗ್ರೆಗ್ ವೆಸ್ಟ್ ಇಂಡೀಸ್ ಅಭಿಮಾನಿಗಳ ಮುಂದೆ ತಾನೇ ಮಂಡಿಯೂರಿ ನಾಲ್ಕು ಹೆಜ್ಜೆ ತೆವಳಿದ. ಆಡಿದ ಮಾತು ಕೆಟ್ಟದ್ದೇ; ಸಾಲಗಾರನು ಬಾಗಿಲು ಹಾಕಿಕೊಳ್ಳಲಿಲ್ಲವೆಂಬುದನ್ನು ಮಾತ್ರ ಒಪ್ಪಬೇಕು.

ನಮ್ಮ ಬೆಂಗಳೂರಿನಲ್ಲಿ ಇಂಥ ವಸೂಲಿಗೆ ಒಂದೇ ಚೆಂಡು ಸಾಕಾಯಿತು. 1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಪಾಕಿಸ್ತಾನದ ಆಮಿರ್ ಸೊಹೈಲ್ ಬೌಂಡರಿ ಹೊಡೆದು, ಅತ್ತ ಬ್ಯಾಟು ಚಾಚಿ ವೆಂಕಟೇಶ ಪ್ರಸಾದರಿಗೆ ತೋರಿಸಿದ. ಮುಂದಿನ ಚೆಂಡಿಗೇ ಸೊಹೈಲನ ಗೂಟ ಬಿತ್ತು. ಪ್ರಸಾದರೂ ಕೈಯೆತ್ತಿ ಅವನಿಗೆ ಪೆವಿಲಿಯನ್ನಿನ ದಾರಿ ತೋರಿಸಿ ಒಂದೆರಡು ಮಾತು ಸೇರಿಸಿದರು. ಸಾಲ ಎತ್ತಿದವನಿಗೆ ರಸೀದಿ ಕೊಟ್ಟಂತಾಯಿತೆಂದು ನಾನು ಅದನ್ನು ಮನ್ನಿಸುತ್ತೇನೆ. ಭಾರತ 39 ಓಟಗಳಿಂದ ಗೆದ್ದಿತು.

ಮತ್ತೆ ವಿಶ್ವನಾಥರ ಕಡೆಗೆ ಬರೋಣ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ಸುವರ್ಣ ಮಹೋತ್ಸವದ ಟೆಸ್ಟ್; ವಿಶ್ವನಾಥರೇ ನಾಯಕ. ಮೊದಲ ದಿನ ಭಾರತ 242ಕ್ಕೆ ಮುಗಿಯಿತು. ಮರುದಿನ ಸೂರ್ಯಗ್ರಹಣವೆಂದು ಆಟಕ್ಕೆ ಬಿಡುವು. ಬಳಿಕ ಇಂಗ್ಲೆಂಡ್ 58ಕ್ಕೆ ಐವರನ್ನು ಕಳೆದುಕೊಂಡಿತು. ಬಾಥಮ್ ಜೊತೆ ಆಡುತ್ತಿದ್ದ ವಿಕೆಟ್ ಕೀಪರ್ ಬಾಬ್ ಟೇಲರ್, ಕಪಿಲದೇವರ ಚೆಂಡಿಗೆ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಖಚಿತವಾಗಿತ್ತು. ಅವರು ಅಂಪೈರನ್ನು ಕೇಳಿಕೊಂಡು ಟೇಲರ್‌ರನ್ನು ಮರಳಿ ಕರೆಸಿದರು. ಟೇಲರ್ 43, ಬಾಥಮ್ 114. ಇಬ್ಬರ ಜೊತೆಯಾಟ 171. ಬಾಥಮ್ ಒಟ್ಟು 13 ವಿಕೆಟ್ ತೆಗೆದ. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ವಿಶ್ವನಾಥ್ ಮತ್ತೆಂದೂ ಟೆಸ್ಟ್ ತಂಡದ ನಾಯಕರಾಗಲಿಲ್ಲ.

ಈ ಪ್ರಸಂಗವನ್ನು ಹಾಡಿ ಹೊಗಳುವುದು ಸುಲಭ. ನನ್ನ ಗೆಳೆಯರೊಬ್ಬರು ಎತ್ತುವ ಆಕ್ಷೇಪಕ್ಕೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. “ಉಳಿದ ಹತ್ತು ಮಂದಿಯ ಸೊತ್ತನ್ನು ದಾನ ಮಾಡಲು ನಾಯಕ ಯಾರು? ಚೆಂಡೆಸೆದು ಬೆವರಿಳಿಸಿದವನು ಕಪಿಲದೇವ. ಔದಾರ್ಯದ ಕೀರ್ತಿ ವಿಶ್ವನಾಥನಿಗೆ!” ಈ ಮಾತಿನಲ್ಲಿ ತೂಕವಿದೆ. ಆದರೂ ಬ್ಯಾಟಿಗೆ ತಾಗದ ಚೆಂಡಿನಿಂದ ಬಂದ ವಿಕೆಟ್ಟು ಆ ಹನ್ನೊಂದು ಮಂದಿಯ ಸೊತ್ತು ಎಂದಾದುದು ಎಂದು? ದಾರಿಯಲ್ಲಿ ಸಿಕ್ಕಿದ ಹಣದ ಚೀಲವನ್ನು ಒಡೆಯನಿಗೆ ಹಿಂತಿರುಗಿಸಿದವನನ್ನು ದಾನಿಯೆಂದು ಯಾರೂ ಕರೆಯುವುದಿಲ್ಲ. ವಿಶ್ವನಾಥರು ಮಾಡಿದ್ದು ಅಷ್ಟೇ. ಅದಕ್ಕೆ ತೆತ್ತ ಬೆಲೆ ಮಾತ್ರ ಒಂದು ಟೆಸ್ಟು.

ಅದೇ ಭದ್ರಾವತಿಯಲ್ಲಿ 2021ರ ಫೆಬ್ರವರಿ ಕೊನೆಗೆ ಒಂದು ಕಬಡ್ಡಿ ಪಂದ್ಯಾವಳಿ ನಡೆಯಿತು. ಕಬಡ್ಡಿ ಗರಡಿಯ ನೆಂಟ. ಅಲ್ಲಿಯೂ ದಾಳಿಗೆ ಮುನ್ನ ತೊಡೆ ತಟ್ಟುವುದುಂಟು. ಆದರೆ ಅಂದು ಊರು ಕೆಟ್ಟದ್ದು ಆಟಗಾರರ ತೊಡೆಯ ಸದ್ದಿನಿಂದಲ್ಲ. ಘೋಷಣೆಗಳ ಸಂಬಂಧವಾಗಿ ಎರಡು ರಾಜಕೀಯ ಪಕ್ಷಗಳ ಬೆಂಬಲಿಗರು ಕೈಕೈ ಮಿಲಾಯಿಸಿದರು, ಮೊಕದ್ದಮೆಗಳಾದವು. ಮಾರ್ಚ್ 4ರಂದು ಆ ಊರಿನ ಶಾಸಕರು ವಿಧಾನಸಭೆಯಲ್ಲಿ ಅಂಗಿ ಕಳಚಿ ಪ್ರತಿಭಟಿಸಿ ಒಂದು ವಾರ ಸದನದಿಂದ ಹೊರಗುಳಿಯಬೇಕಾಯಿತು. ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಹೇಳುವುದು ಈ ಲೇಖನದ ಕೆಲಸವಲ್ಲ. ಬಡಿದಾಡಿದ ಬೆಂಬಲಿಗರಲ್ಲಿ ಯಾರೂ ತಮ್ಮ ಕೂಗಿಗೆ ಕಣದೊಳಗೆ ಜವಾಬು ಹೇಳಬೇಕಾಗಿರಲಿಲ್ಲವೆಂಬುದನ್ನು ಮಾತ್ರ ಗಮನಿಸಬೇಕು. ತೊಡೆ ತಟ್ಟಿದ ಆಟಗಾರ ಮರುಗಳಿಗೆಯೇ ಏಳು ಮಂದಿಯ ಹಿಡಿತಕ್ಕೆ ಮೈಯೊಡ್ಡುತ್ತಾನೆ. ಗೆರೆಯಾಚೆ ಕೂಗುವವನು ಯಾರ ಹಿಡಿತಕ್ಕೂ ಸಿಗುವುದಿಲ್ಲ.

ಆದುದರಿಂದ ಆಟಗಾರರ ಬಾಯಿಗೆ ಬೀಗ ಹಾಕಬೇಕೆನ್ನುವವರ ಗುಂಪಿಗೆ ನಾನು ಸೇರಲಾರೆ. ತೊಡೆಯ ಸದ್ದಿಲ್ಲದ ಕುಸ್ತಿಯನ್ನು ಜಾತ್ರೆಯಲ್ಲಿ ಯಾರು ನೋಡಿಯಾರು? ಮಕ್ಕಳಿಗೆ ಆಟ ಕಲಿಸುವ ಮೇಷ್ಟ್ರುಗಳು ಇಷ್ಟು ಹೇಳಿಕೊಟ್ಟರೆ ಸಾಕು: ಕೆಣಕುವುದಿದ್ದರೆ ಮುಂಚೆಯೇ ಕೆಣಕು, ಎದುರಿಗೆ ನಿಂತು ಕೆಣಕು, ಸೋತರೆ ಅದರ ಬೆಲೆ ತೆರು. ಗೆದ್ದರೆ ನಿನ್ನವರ ಹೆಗಲೇರಿ ಮನದಣಿಯೆ ಕುಣಿ. ಕೆಳಗಿಳಿದ ಮೇಲೆ, ಮಣ್ಣಲ್ಲಿ ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸು.