ವಾರಾನ್ನದಿಂದ ವಿದ್ಯಾರ್ಥಿವೇತನಕ್ಕೆ: ‘ನೀನು ಅರ್ಹನಲ್ಲ’ ಎಂದರೆ ಯಾರನ್ನು ಕೇಳಬೇಕು?

ಹಳ್ಳಿ ಮಕ್ಕಳು ಪೇಟೆಗೆ ಓದಲು ಹೋದರೆ ಫೀಸಿಗಿಂತ ದೊಡ್ಡ ಚಿಂತೆ ಹೊಟ್ಟೆಯದು. ನಮ್ಮ ಕಡೆ ಹಿಂದೆ ಇದಕ್ಕೆ ವಾರಾನ್ನ ಎಂಬ ದಾರಿ ಇತ್ತು. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಆದರೆ ಎಲೆ ಹಾಕುತ್ತಿದ್ದದ್ದು ಜಾತಿ ನೋಡಿ. ಎಲ್ಲರಿಗಿಂತ ಬಡವರಾಗಿದ್ದ ದಲಿತ ಮಕ್ಕಳಿಗೇ ಆ ಬಾಗಿಲು ಮುಚ್ಚಿತ್ತು.

ಉಳಿದದ್ದು ರಾಜರ ಕೃಪೆ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡ ಅವರ ನೆರವಿನಿಂದ ಅಂಬೇಡ್ಕರ್ 1913ರಲ್ಲಿ ಅಮೆರಿಕಕ್ಕೆ ಓದಲು ಹೋದರು. ಓದು ಮುಗಿಸಿ ಹತ್ತು ವರ್ಷ ಬರೋಡ ಸಂಸ್ಥಾನದಲ್ಲಿ ಕೆಲಸ ಮಾಡಬೇಕೆಂಬ ಕರಾರಿತ್ತು. 1917ರಲ್ಲಿ ನೆರವಿನ ಅವಧಿ ಮುಗಿಯಿತು. ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಅವರು ವಾಪಸ್ ಬರಬೇಕಾಯಿತು. ಕೊಡುವವರು ನಿಲ್ಲಿಸಿದರೆ ಕೇಳಲು ಕಾನೂನು ಇರಲಿಲ್ಲ.

ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಹಿಂದುಳಿದವರಿಗೆ ನೌಕರಿಯ ಜೊತೆಗೆ ಓದಿಗೂ ನೆರವು ಬೇಕೆಂಬ ಮಾತು ಅಲ್ಲಿ ಬಂತು.

1942ರಲ್ಲಿ ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯ ಸದಸ್ಯರಾದರು. ಅಲಿಗಢ, ಬನಾರಸ್ ವಿಶ್ವವಿದ್ಯಾಲಯಗಳಿಗೆ ಹಣ ಕೊಡುವ ಸರ್ಕಾರ ಪರಿಶಿಷ್ಟರ ಓದಿಗೆ ಯಾಕೆ ಕೊಡಬಾರದು ಎಂದು ಪಟ್ಟು ಹಿಡಿದರು. 1944ರಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿಯ ಯೋಜನೆ ಶುರುವಾಯಿತು. ಇಂದಿನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಬೇರು ಅಲ್ಲಿದೆ.

ಬೇರೇನೋ ಗಟ್ಟಿ, ಫಲ ಮಾತ್ರ ಸಣ್ಣದು. ಕೇಂದ್ರದ 2010ರ ನಿಯಮದಲ್ಲಿ ಮನೆಯಿಂದ ಹೋಗಿಬಂದು ಬಿಎ ಓದುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ತಿಂಗಳಿಗೆ 300 ರೂಪಾಯಿ ನಿರ್ವಹಣಾ ಭತ್ಯೆ. ಹತ್ತು ತಿಂಗಳಿಗೆ 3,000. 2021ರ ನಿಯಮದಲ್ಲಿ ಅದು ವರ್ಷಕ್ಕೆ 3,000! ಇಷ್ಟು ವರ್ಷದಲ್ಲಿ ಬಸ್ ಪಾಸಿನ ದರ, ಮೆಸ್ಸಿನ ಬಿಲ್ಲು ನಿಂತಲ್ಲೇ ನಿಂತಿದ್ದವೇ? ಮನೆಯ ವಾರ್ಷಿಕ ಆದಾಯ 2.5 ಲಕ್ಷ ದಾಟಿದರೆ ಆ ಹಣವೂ ಇಲ್ಲ.

ಹಾಗಾಗಿ ಆದಾಯ, ಜಾತಿ ಪ್ರಮಾಣಪತ್ರವೇ ಈಗ ಬಾಗಿಲು. ಅಂದಿಗೂ ಇಂದಿಗೂ ಇರುವ ದೊಡ್ಡ ವ್ಯತ್ಯಾಸವೂ ಇಲ್ಲೇ ಇದೆ. ಕರ್ನಾಟಕದ 1990ರ ಮೀಸಲಾತಿ ಕಾಯ್ದೆಯಡಿ ತಹಶೀಲ್ದಾರರು ಪ್ರಮಾಣಪತ್ರ ನಿರಾಕರಿಸಿದರೆ 30 ದಿನದೊಳಗೆ ಉಪವಿಭಾಗದ ಅಸಿಸ್ಟೆಂಟ್ ಕಮಿಷನರ್ ಅವರಿಗೆ ಮೇಲ್ಮನವಿ ಹಾಕಬಹುದು. 2012ರಲ್ಲಿ ಬಂದ ಸಕಾಲ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರ ವ್ಯಾಪ್ತಿಯ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು.

ಇದಕ್ಕೆಲ್ಲ ಬೇಕಾದ್ದು ಒಂದು ಹಾಳೆ. ಕೌಂಟರಿನಲ್ಲಿ ಬಾಯಿಮಾತಿಗೆ ‘ಆಗಲ್ಲ ಹೋಗಮ್ಮ’ ಎಂದರೆ ಅದರ ಮೇಲೆ ಮೇಲ್ಮನವಿ ಹಾಕುವುದು ಕಷ್ಟ. ಕಾರಣವನ್ನು ಬರೆದು ಕೊಡಿ ಎಂದು ಕೇಳಿ. ಅರ್ಜಿಯ ರಸೀದಿ ಜೋಪಾನ ಮಾಡಿ. ವಾರಾನ್ನದ ಹುಡುಗ ಇದನ್ನು ಕೇಳುವಂತಿರಲಿಲ್ಲ. ನೀವು ಕೇಳಬಹುದು.