ಕೊನೆ ಗೊತ್ತಿರುವ ಕಥೆಗಳು

ಡಿಸೆಂಬರ್ ತಿಂಗಳು ಬಂತೆಂದರೆ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಹಿಮ ಬೀಳತೊಡಗುತ್ತದೆ. ವಾಚಕರು ಗಾಬರಿಪಡಬೇಕಾದ್ದಿಲ್ಲ, ಹಿಮ ಬೀಳುವುದು ಟೆಲಿವಿಷನ್ ಪರದೆಯ ಮೇಲೆ. ಎಪ್ಪತ್ತು ದಾಟಿದ ನನ್ನ ಅಕ್ಕನೂ ಹೈಸ್ಕೂಲಿನಲ್ಲಿ ಓದುವ ನನ್ನ ಮೊಮ್ಮಗಳೂ ರಾತ್ರಿಯ ಊಟ ಮುಗಿಸಿ, ಇಬ್ಬರೂ ಒಂದೇ ಕಂಬಳಿ ಹೊದ್ದು ಕುಳಿತು, ಅಮೆರಿಕಾ ದೇಶದ ಕ್ರಿಸ್‌ಮಸ್ ಪ್ರಣಯ ಚಿತ್ರಗಳನ್ನು ನೋಡುತ್ತಾರೆ. ಚಿತ್ರಗಳು ಬೇರೆ ಬೇರೆ. ಕಥೆ ಮಾತ್ರ ಒಂದೇ. ದೊಡ್ಡ ಪಟ್ಟಣದಲ್ಲಿ ದೊಡ್ಡ ಕೆಲಸದಲ್ಲಿರುವ ಹುಡುಗಿ ಯಾವುದೋ ಕಾರಣಕ್ಕೆ ಸಣ್ಣದೊಂದು ಊರಿಗೆ ಬರುತ್ತಾಳೆ. ಅಲ್ಲಿ ಒಬ್ಬ ಯುವಕ ಬೇಕರಿಯನ್ನೋ ಕ್ರಿಸ್‌ಮಸ್ ಮರಗಳ ತೋಟವನ್ನೋ ನಡೆಸುತ್ತಿರುತ್ತಾನೆ. ಮೊದಲು ಜಗಳ, ಆಮೇಲೆ ಸ್ನೇಹ, ಮುಕ್ಕಾಲು ಕಥೆ ಕಳೆದ ಮೇಲೆ ಒಂದು ತಪ್ಪು ತಿಳುವಳಿಕೆ, ಕಟ್ಟಕಡೆಗೆ ಹಿಮದಲ್ಲಿ ಒಂದು ಮುತ್ತು. ಹುಡುಗಿ ಪಟ್ಟಣದ ಕೆಲಸ ಬಿಟ್ಟು ಊರಲ್ಲೇ ನಿಲ್ಲುತ್ತಾಳೆ. ಶುಭಂ.

ಮೊನ್ನೆ ನಾನು ತಡೆಯಲಾರದೆ, "ಕೊನೆ ಏನೆಂದು ಮೊದಲ ನಿಮಿಷಕ್ಕೇ ಗೊತ್ತಾಗುತ್ತದಲ್ಲ, ನೋಡುವುದಾದರೂ ಯಾಕೆ?" ಎಂದೆ. ಅಕ್ಕ ತಿರುಗಿ ನೋಡಲಿಲ್ಲ. "ಇದನ್ನು ನೀನು ಮೊದಲೂ ಒಮ್ಮೆ ಕೇಳಿದ್ದೀಯೆ" ಎಂದಳು. ಕೇಳಿದ್ದೆ, ನಿಜ. ಐವತ್ತು ವರ್ಷಗಳ ಹಿಂದೆ. ಆ ಮಾತು ಬಂದುದರಿಂದಲೇ ಈ ಲೇಖನ ಬರೆಯಬೇಕೆನ್ನಿಸಿತು.

ಈ ಚಿತ್ರಗಳಿಗೂ ಒಂದು ಇತಿಹಾಸವುಂಟು. ಅಮೆರಿಕಾದ ಕ್ಯಾನ್ಸಸ್ ಸಿಟಿಯಲ್ಲಿ ಜಾಯ್ಸ್ ಹಾಲ್ ಎಂಬಾತ 1910ರಲ್ಲಿ ಪೋಸ್ಟ್ ಕಾರ್ಡುಗಳ ವ್ಯಾಪಾರವನ್ನು ಆರಂಭಿಸಿದ. ಅದೇ ಬೆಳೆದು ಹಾಲ್‌ಮಾರ್ಕ್ ಎಂಬ ಶುಭಾಶಯ ಪತ್ರಗಳ ದೊಡ್ಡ ಕಂಪನಿಯಾಯಿತು. ಆ ಕಂಪನಿಯ ಹೆಸರಿನ ವಾಹಿನಿ 2001ರಲ್ಲಿ ಪ್ರಸಾರಕ್ಕೆ ಬಂತು. 2009ರಿಂದ ಕ್ರಿಸ್‌ಮಸ್ಸಿಗೆ ದಿನವೆಣಿಸುವ ಚಿತ್ರಮಾಲೆಯನ್ನು ಪ್ರತಿವರ್ಷವೂ ನಡೆಸುತ್ತ ಬಂದಿದೆ. ಇತ್ತೀಚಿನ ಕೆಲವು ವರ್ಷಗಳಲ್ಲಿ ನಲವತ್ತರ ಆಸುಪಾಸು ಹೊಸ ಚಿತ್ರಗಳು ಒಂದೇ ಹಂಗಾಮಿಗೆ ಹೊರಬಂದಿವೆ. ಹೆಚ್ಚಿನವು ಕೆನಡಾ ದೇಶದಲ್ಲಿ, ಎರಡು ಮೂರು ವಾರಗಳಲ್ಲಿ ಚಿತ್ರಣಗೊಳ್ಳುವಂಥವು. ಎಷ್ಟೋ ಬಾರಿ ಅದು ಬೇಸಿಗೆ. ನಟನಟಿಯರು ಉಣ್ಣೆಯ ಕೋಟು ತೊಟ್ಟು ಬೆವರುತ್ತ ಕೃತಕ ಹಿಮದಲ್ಲಿ ನಡೆಯುತ್ತಾರೆ. ಜಾಹೀರಾತುಗಳಿಗೆ ಎಡೆಮಾಡಿಕೊಡಲು ಕಥೆಯನ್ನು ಅಳೆದು ಕತ್ತರಿಸಿರುತ್ತಾರೆ. ಶುಭಾಶಯ ಪತ್ರ ಮಾರುವವರೇ ಕಥೆ ಹೇಳಹೊರಟರೆ ಕಥೆಯೂ ಶುಭಾಶಯ ಪತ್ರದಂತೆಯೇ ಇರುವುದರಲ್ಲಿ ಆಶ್ಚರ್ಯವೇನು?

ಆಶ್ಚರ್ಯ ಬೇರೆಯೇ ಇದೆ. ಇದೇ ಕಂಪನಿ ಹಿಂದೆ ಪ್ರಾಯೋಜಿಸಿದ ಒಂದು ಕ್ರಿಸ್‌ಮಸ್ ಕಥೆ ಹೀಗಿರಲಿಲ್ಲ. 1951ರ ಡಿಸೆಂಬರ್ 24ರ ರಾತ್ರಿ ಎನ್.ಬಿ.ಸಿ. ಟೆಲಿವಿಷನ್ನಿನಲ್ಲಿ ಪ್ರಸಾರವಾದುದು ಮೆನೊಟ್ಟಿ ಎಂಬ ಸಂಗೀತಗಾರ ರಚಿಸಿದ 'ಅಮಾಲ್ ಅಂಡ್ ದಿ ನೈಟ್ ವಿಜಿಟರ್ಸ್' ಎಂಬ ಗೀತನಾಟಕ. ಅದರಲ್ಲಿ ಹೊಟ್ಟೆಗಿಲ್ಲದ ಒಬ್ಬ ವಿಧವೆ, ಊರುಗೋಲಿನ ಮೇಲೆ ನಡೆಯುವ ಅವಳ ಮಗ. ಏಸುಶಿಶುವಿಗೆ ಕಾಣಿಕೆ ಒಯ್ಯುತ್ತಿದ್ದ ಮೂವರು ರಾಜರು ಆ ಗುಡಿಸಿಲಲ್ಲಿ ತಂಗಿದಾಗ, ಮಗನಿಗಾಗಿ ತಾಯಿ ಅವರ ಚಿನ್ನಕ್ಕೆ ಕೈಹಾಕಿ ಸಿಕ್ಕಿಬೀಳುತ್ತಾಳೆ. ಕೊನೆಯಲ್ಲಿ ಹುಡುಗ ತನ್ನಲ್ಲಿದ್ದ ಒಂದೇ ವಸ್ತುವಾದ ಊರುಗೋಲನ್ನು ಕಾಣಿಕೆಯಾಗಿ ಕೊಡುತ್ತಾನೆ. ಆಗ ಅವನ ಕಾಲು ಸರಿಹೋಗುತ್ತದೆ. ಇದೂ ಸುಖಾಂತವೇ. ಆದರೆ ಸುಖಕ್ಕಿಂತ ಮುಂಚೆ ಹಸಿವಿದೆ, ಕಳವಿದೆ, ನಾಚಿಕೆಯಿದೆ.

ಅದಕ್ಕೂ ಹಿಂದಿನದನ್ನು ನೋಡೋಣ. 1843ರಲ್ಲಿ ಡಿಕನ್ಸ್ ಬರೆದ 'ಎ ಕ್ರಿಸ್‌ಮಸ್ ಕ್ಯಾರಲ್'ನಲ್ಲಿ ಜಿಪುಣ ಸ್ಕ್ರೂಜನಿಗೆ ತನ್ನದೇ ಗೋರಿಯನ್ನು ಕಂಡ ಮೇಲಷ್ಟೇ ಬುದ್ಧಿ ಬರುತ್ತದೆ. 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಚಿತ್ರದ ನಾಯಕ ಸಾಲದ ಅವಮಾನಕ್ಕೆ ಹೆದರಿ ಸೇತುವೆಯಿಂದ ಹಾರಲು ಹೊರಟವನು. ಆ ಚಿತ್ರ ಬಿಡುಗಡೆಯಾದಾಗ ಹಣ ಗಳಿಸಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯದ ನವೀಕರಣ ತಪ್ಪಿಹೋದ ಮೇಲೆ ಟೆಲಿವಿಷನ್ ಕೇಂದ್ರಗಳು ಪ್ರತಿ ಡಿಸೆಂಬರಿನಲ್ಲೂ ಅದನ್ನು ಪುಕ್ಕಟೆಯಾಗಿ ತೋರಿಸಿ ತೋರಿಸಿ, ಅದು ಮನೆಮನೆಯ ಹಬ್ಬದ ಚಿತ್ರವಾಯಿತು. ಹಬ್ಬದ ಹೊತ್ತಿಗೆ ಸಿಹಿಯಾಗಿ ಮುಗಿಯುವ ಕಥೆಯೊಂದು ಬೇಕೆಂಬ ರೂಢಿ ಈಚಿನದಲ್ಲ. ದಾರಿಯ ಕಹಿಯನ್ನೆಲ್ಲ ಹೆಕ್ಕಿ ತೆಗೆದುಹಾಕುವ ರೂಢಿ ಮಾತ್ರ ಈಚಿನದು.

ಇದೆಲ್ಲ ಪರದೇಶದ ಮಾತಾಯಿತು. ನಮ್ಮಲ್ಲಿಯೂ ಹೀಗೆಯೇ ನಡೆದಿಲ್ಲವೆ?

ನಾವು ಬೆಳೆದುದು ರಾಜಾಜಿನಗರದಲ್ಲಿ. ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರ ಹೆಸರು ಹೊತ್ತು 1949ರಲ್ಲಿ ಆರಂಭವಾದ ಈ ಬಡಾವಣೆಯಲ್ಲಿ ಕಾರ್ಖಾನೆಯ ಕೆಲಸಗಾರರು, ಗುಮಾಸ್ತರು, ಉಪಾಧ್ಯಾಯರು ನೆಲೆಸಿದರು. ನಮ್ಮ ರಸ್ತೆಯ ತಿರುವಿನಲ್ಲಿ ಹೊಲಿಗೆಯಂಗಡಿಯ ಪಕ್ಕ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿಯಿತ್ತು. ಮೂರು ಕಡೆ ಹಲಗೆಯ ಗೂಡು, ನಡುವೆ ಒಂದು ಸ್ಟೂಲು, ಕಂದು ಕಾಗದದ ಹೊದಿಕೆ ಹಾಕಿದ ಕಾದಂಬರಿಗಳು. ಸಂಜೆಯಾದರೆ ಅಲ್ಲಿ ಹೆಂಗಸರ ಸಾಲು. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ, ಉಷಾ ನವರತ್ನರಾಂ. ಮುಂದೆ ಸಾಯಿಸುತೆ, ಎಚ್.ಜಿ. ರಾಧಾದೇವಿ. ಪುಸ್ತಕ ಕೊಳ್ಳಲು ಮನೆಯಲ್ಲಿ ಹಣ ಸಿಗದಿದ್ದ ಹೆಂಗಸರಿಗೆ ದಿನಕ್ಕಿಷ್ಟು ಪೈಸೆ ಬಾಡಿಗೆಗೆ ಕಾದಂಬರಿ ಸಿಗುತ್ತಿತ್ತು. 1965ರಲ್ಲಿ ಆರಂಭವಾದ 'ಸುಧಾ' ವಾರಪತ್ರಿಕೆಯ ಧಾರಾವಾಹಿಯ ಪುಟಗಳನ್ನು ಕತ್ತರಿಸಿ ಹೊಲಿದು ಇಟ್ಟುಕೊಂಡವರೂ ನಮ್ಮ ಬೀದಿಯಲ್ಲಿದ್ದರು.

ಚಲಚ್ಚಿತ್ರಗಳಿಗೂ ಇವೇ ಕಾದಂಬರಿಗಳು ಆಧಾರವಾದವು. ತ್ರಿವೇಣಿಯವರ 'ಬೆಳ್ಳಿಮೋಡ'ವನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ, 'ಶರಪಂಜರ'ವನ್ನು 1971ರಲ್ಲಿ ತೆರೆಗೆ ತಂದರು. ವಾಣಿಯವರ 'ಎರಡು ಕನಸು' 1974ರಲ್ಲಿ, ಉಷಾ ನವರತ್ನರಾಂ ಅವರ 'ಹೊಂಬಿಸಿಲು' 1978ರಲ್ಲಿ ಚಿತ್ರಗಳಾದವು. ಓದಿದ ಕಥೆಯನ್ನೇ ನೋಡಲು ಹೆಂಗಸರು ಮ್ಯಾಟಿನಿಗೆ ಹೋದರು. ಕೊನೆ ಗೊತ್ತಿದ್ದುದರಿಂದ ಯಾರೂ ಹಿಂಜರಿಯಲಿಲ್ಲ.

ಈ ಪೈಕಿ 'ಬೆಳ್ಳಿಮೋಡ'ದ ಕಥೆಯನ್ನು ಸ್ವಲ್ಪ ನೆನೆಯಬೇಕು. ಮಲೆನಾಡಿನ ಕಾಫಿ ತೋಟ, ಮಂಜು ಮುಸುಕಿದ ಬೆಟ್ಟ, ತೋಟದ ಯಜಮಾನರ ಒಬ್ಬಳೇ ಮಗಳು ಇಂದಿರಾ. ಬಡವನಾದರೂ ಬುದ್ಧಿವಂತನಾದ ಮೋಹನನನ್ನು ಅಳಿಯನಾಗಲೆಂದು ಆಕೆಯ ತಂದೆ ತಮ್ಮ ಖರ್ಚಿನಿಂದ ವಿದೇಶಕ್ಕೆ ಓದಲು ಕಳಿಸುತ್ತಾರೆ. ಈ ನಡುವೆ ಇಂದಿರೆಗೆ ಒಬ್ಬ ತಮ್ಮ ಹುಟ್ಟುತ್ತಾನೆ, ತಾಯಿ ತೀರಿಕೊಳ್ಳುತ್ತಾಳೆ. ಆಸ್ತಿ ತನ್ನ ಕೈಸೇರುವಂತಿಲ್ಲ ಎಂದು ಕಂಡೊಡನೆ ಮೋಹನನ ಪ್ರೀತಿ ಆರುತ್ತದೆ. ಮುಂದೆ ಅವನು ಅಪಘಾತಕ್ಕೆ ಸಿಕ್ಕಿ ಹಾಸಿಗೆ ಹಿಡಿದಾಗ ಇಂದಿರೆ ಅವನ ಶುಶ್ರೂಷೆ ಮಾಡುತ್ತಾಳೆ. ಅವನಿಗೆ ಪಶ್ಚಾತ್ತಾಪವಾಗುತ್ತದೆ, ಮದುವೆಯಾಗುವೆನೆನ್ನುತ್ತಾನೆ. ಇಂದಿರೆ ಒಲ್ಲೆನೆನ್ನುತ್ತಾಳೆ. ಹಾಲ್‌ಮಾರ್ಕಿನವರಿಗೆ ಬೇಕಾದ ಸಲಕರಣೆಯೆಲ್ಲ ಇಲ್ಲಿದೆ: ಬೆಟ್ಟ, ಮಂಜು, ಒಳ್ಳೆಯ ಮನೆ, ಜಗಳ, ಪಶ್ಚಾತ್ತಾಪ. ಆದರೆ ಕೊನೆಯಲ್ಲಿ ತ್ರಿವೇಣಿಯವರು ಸಿಹಿ ಹಂಚಲಿಲ್ಲ. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ತೀರಿಕೊಂಡ ಆ ಲೇಖಕಿಗೆ ಪ್ರೀತಿಯ ಬೆಲೆ ಎಷ್ಟೆಂಬುದು ಚೆನ್ನಾಗಿ ತಿಳಿದಿತ್ತು.

ಅವರ ತರುವಾಯ ಬಂದ ಕಾದಂಬರಿಗಳ ರಾಶಿಯಲ್ಲಿ ತೋಟ ಉಳಿಯಿತು, ಮಂಜು ಉಳಿಯಿತು, ನಿರಾಕರಣೆ ಹೊರಟುಹೋಯಿತು. ಒಳ್ಳೆಯವು ಇರಲಿಲ್ಲವೆಂದಲ್ಲ; ರಾಶಿಯ ಮಾತು ಹೇಳುತ್ತಿದ್ದೇನೆ. ಬೆಂಗಳೂರಿನ ಹಾಸ್ಟೆಲಿನಿಂದ ಸ್ವಾಭಿಮಾನಿ ಹುಡುಗಿಯೊಬ್ಬಳು ಎಸ್ಟೇಟಿಗೆ ಮನೆಪಾಠ ಹೇಳಲು ಹೋಗುವುದು, ಜೀಪಿನಲ್ಲಿ ಬರುವ ಮುಂಗೋಪಿ ಯಜಮಾನ, ತಪ್ಪಿ ಕೈಸೇರಿದ ಒಂದು ಕಾಗದ, ಜ್ವರ, ಕಣ್ಣೀರು, ಮಾಂಗಲ್ಯ. ಕಾಫಿ ಬೀಜ ಬಿಡಿಸುವ ಆಳುಗಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಜಾತಿ ಬೇರೆಯಾದರೆ ಕಥೆಯೇ ಹುಟ್ಟುತ್ತಿರಲಿಲ್ಲ. ಅಮೆರಿಕಾದ ಚಿತ್ರಗಳದ್ದೂ ಇದೇ ದೋಷ. ಆ ಸಣ್ಣ ಊರಿನ ಬೆಚ್ಚನೆಯ ಮನೆಯೊಳಕ್ಕೆ ಯಾರಿಗೆ ಪ್ರವೇಶ, ಯಾರಿಗಿಲ್ಲ ಎಂಬ ಲೆಕ್ಕ ಬಹಳ ಕಟ್ಟುನಿಟ್ಟು. 2019ರ ಡಿಸೆಂಬರಿನಲ್ಲಿ ಇಬ್ಬರು ಹೆಂಗಸರ ಮದುವೆಯನ್ನು ತೋರಿಸುವ ಜಾಹೀರಾತೊಂದನ್ನು ಹಾಲ್‌ಮಾರ್ಕ್ ವಾಹಿನಿ ತೆಗೆದುಹಾಕಿ, ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ಕ್ಷಮೆ ಕೇಳಿ ತೀರ್ಮಾನ ಬದಲಿಸಬೇಕಾಯಿತು.

ಇನ್ನು ನನ್ನ ಅಕ್ಕನ ಮಾತು. ಎಪ್ಪತ್ತರ ದಶಕದ ನಡುವಿನಲ್ಲಿ ಅವಳಿಗೊಂದು ಸಂಬಂಧ ಗೊತ್ತಾಗಿತ್ತು. ನಿಶ್ಚಿತಾರ್ಥವೂ ಆಗಿತ್ತು. ಲಗ್ನಕ್ಕೆ ಆರು ವಾರವಿರುವಾಗ ಗಂಡಿನವರು ಇನ್ನಷ್ಟು ಹಣ ಕೇಳಿದರು, ತಂದೆಯವರಲ್ಲಿ ಇರಲಿಲ್ಲ. ಸಂಬಂಧ ಮುರಿಯಿತು. ಅಕ್ಕ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಆಗಿನಿಂದ ದಿನಕ್ಕೊಂದು ಕಾದಂಬರಿ. ಹಾಲು ಉಕ್ಕುವುದನ್ನು ಕಾಯುತ್ತ ಓದುವಳು, ಬಸ್ಸಿಗೆ ಕಾಯುತ್ತ ಓದುವಳು. ನಾನು ಆಗ ಕಾಲೇಜಿನಲ್ಲಿದ್ದೆ. ನವ್ಯ ಸಾಹಿತ್ಯ ಓದಿಕೊಂಡು ತಲೆ ಸ್ವಲ್ಪ ದಪ್ಪವಾಗಿತ್ತು. ಒಂದು ದಿನ ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡು, ಕೊನೆಯ ಪುಟವನ್ನು ಗಟ್ಟಿಯಾಗಿ ಓದಿ, "ಇದು ನಿನಗೆ ಗೊತ್ತಿರಲಿಲ್ಲವೆ?" ಎಂದು ನಕ್ಕೆ. ಅಕ್ಕ ಕೈಚಾಚಿ ಪುಸ್ತಕವನ್ನು ಹಿಂದಕ್ಕೆ ಪಡೆದಳು. "ಗೊತ್ತಿದೆ ಅಂತಲೇ ಓದುತ್ತೇನೆ. ಕೊನೆ ಗೊತ್ತಿಲ್ಲದ್ದು ನಮ್ಮ ಮನೆಯಲ್ಲೇ ಬೇಕಾದಷ್ಟಿದೆ" ಎಂದಳು.

2017ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಎಂಬ ಕಂಪನಿ, ತನ್ನ 'ಎ ಕ್ರಿಸ್‌ಮಸ್ ಪ್ರಿನ್ಸ್' ಎಂಬ ಚಿತ್ರವನ್ನು 18 ದಿನ ಒಂದೇ ಸಮನೆ ದಿನಾಲೂ ನೋಡಿದ 53 ಮಂದಿಯನ್ನು ಉದ್ದೇಶಿಸಿ, ನಿಮ್ಮ ಮನಸ್ಸು ನೋಯಿಸಿದವರು ಯಾರು ಎಂಬರ್ಥದ ಚಟಾಕಿಯೊಂದನ್ನು ಬಹಿರಂಗವಾಗಿ ಹಾರಿಸಿತು. ಕೆಲವರು ನಕ್ಕರು, ನೋಡುವವರ ಮೇಲೆ ಹೀಗೆ ಕಣ್ಣಿಡಬಹುದೆ ಎಂದು ಕೆಲವರು ಸಿಟ್ಟಾದರು. ಅದನ್ನು ಓದಿದಾಗ ನನಗೆ ನಗು ಬರಲಿಲ್ಲ. ನಾನು ಅಕ್ಕನನ್ನು ಕೇಳಬೇಕಾಗಿದ್ದುದು ಅದೇ ಪ್ರಶ್ನೆಯನ್ನು, ಹಾಸ್ಯಕ್ಕಲ್ಲ, ನಿಜವಾಗಿ. ನಾನು ಕೇಳಲಿಲ್ಲ.

ಬೆಂಗಳೂರು ದೂರದರ್ಶನ 1981ರ ನವೆಂಬರಿನಲ್ಲಿ ಆರಂಭವಾದ ಕೆಲವು ವರ್ಷಗಳ ಮೇಲೆ ನಮ್ಮ ಮನೆಗೆ ಕಪ್ಪು-ಬಿಳುಪಿನ ಸೆಟ್ಟು ಬಂತು. ವಾರಕ್ಕೊಂದು ಕನ್ನಡ ಚಿತ್ರ. ಬೀದಿಯ ಅರ್ಧ ಜನ ನಮ್ಮ ನಡುಮನೆಯಲ್ಲಿ. ಒಂದು ವಾರ 'ಬೆಳ್ಳಿಮೋಡ' ಬಂದಿತ್ತು. ಇಂದಿರೆ ಒಲ್ಲೆನೆಂದಾಗ ನೆರೆಯ ಹೆಂಗಸರಿಗೆ ಬಹಳ ಬೇಸರವಾಯಿತು. "ಅಷ್ಟು ಪಶ್ಚಾತ್ತಾಪಪಟ್ಟನಲ್ಲ, ಒಪ್ಪಿಕೊಳ್ಳಬಹುದಿತ್ತು" ಎಂದರು. ಅಕ್ಕ ಏನೂ ಹೇಳದೆ ಎದ್ದು ಸೆಟ್ಟನ್ನು ಆರಿಸಿದಳು. ಸಿಹಿ ಕಾದಂಬರಿಗಳನ್ನು ಅಷ್ಟೊಂದು ಓದಿದ್ದವಳಿಗೆ ಆ ಕಹಿ ಕೊನೆ ಒಪ್ಪಿಗೆಯಾಗಿತ್ತು ಎಂಬುದು ಅವಳ ಮುಖದಿಂದಲೇ ನನಗೆ ತಿಳಿಯಿತು. ಇಂಥ ಕಥೆಗಳನ್ನು ಓದುವವರು ಅವನ್ನೇ ಬದುಕೆಂದು ನಂಬುವ ಮುಗ್ಧರೆಂದು ನಾವು ತಿಳಿದದ್ದು ತಪ್ಪು.

ಆಮೇಲೆ 1994ರಲ್ಲಿ ಉದಯ ಟಿ.ವಿ. ಬಂತು, ಅದರ ಹಿಂದೆ ಉಳಿದ ವಾಹಿನಿಗಳೂ ದಿನನಿತ್ಯದ ಧಾರಾವಾಹಿಗಳೂ ಬಂದವು. ಲೈಬ್ರರಿಯ ಜಾಗದಲ್ಲಿ ಝೆರಾಕ್ಸ್ ಅಂಗಡಿಯಾಯಿತು. ಧಾರಾವಾಹಿಗೆ ಕೊನೆಯೆಂಬುದೇ ಇಲ್ಲ. ವರ್ಷಗಟ್ಟಲೆ ಅತ್ತೆ ಸೊಸೆಯರ ಸಂಚು ನಡೆಯುತ್ತದೆ. ಕೊನೆ ಬೇಕೆನ್ನುವ ನನ್ನ ಅಕ್ಕನಂಥವರು ಈಗ ಅಮೆರಿಕಾದ ಹಿಮಕ್ಕೆ ಹೋಗಿ ಸೇರಿರುವುದಕ್ಕೆ ಇದೂ ಒಂದು ಕಾರಣವಿದ್ದೀತು. ಎರಡು ಗಂಟೆಯೊಳಗೆ ಒಂದು ಮನೆ ಸರಿಹೋಗುತ್ತದೆ. ಅದು ಸಣ್ಣ ಉಪಕಾರವೇನಲ್ಲ.

ಕೊನೆ ಮೊದಲೇ ಗೊತ್ತಿರುವುದು ದೋಷವೆಂದು ನಾನೀಗ ಹೇಳಲಾರೆ. ರಾಘವಾಂಕನ ಹರಿಶ್ಚಂದ್ರನಿಗೆ ರಾಜ್ಯ ಮರಳುತ್ತದೆಂಬುದು ಹರಿಕಥೆಗೆ ಬಂದು ಕೂತ ಮಗುವಿಗೂ ಗೊತ್ತು. ಆದರೂ ಜನ ಬರುತ್ತಾರೆ. ಆದರೆ ಅಲ್ಲಿ ರಾಜ್ಯ ಮರಳುವ ಮುನ್ನ ಕಾಶಿಯ ಸ್ಮಶಾನವಿದೆ, ಹೆಂಡತಿಯ ಮಾರಾಟವಿದೆ, ಮಗನ ಶವವಿದೆ. ಸುಖದ ಬೆಲೆಯನ್ನು ಕಥೆಗಾರ ಎಲ್ಲರೆದುರಿಗೂ ಎಣಿಸಿಕೊಡುತ್ತಾನೆ. ಡಿಕನ್ಸನ ಗೋರಿಯೂ ಅಮಾಲನ ಊರುಗೋಲೂ ಇಂದಿರೆಯ ನಿರಾಕರಣೆಯೂ ಅಂಥ ಲೆಕ್ಕಗಳೇ. ಇಂದಿನ ಹಿಮದ ಚಿತ್ರಗಳಲ್ಲಾಗಲಿ ಅಂದಿನ ಎಸ್ಟೇಟ್ ಕಾದಂಬರಿಗಳಲ್ಲಾಗಲಿ ಸುಖ ಸಿಗುತ್ತದೆ, ಬೆಲೆಯ ಚೀಟಿ ಮಾತ್ರ ಹರಿದಿರುತ್ತದೆ. ಹೆಚ್ಚಾಗಿ ಅದನ್ನು ತೆರುವವಳು ಹೆಂಗಸು. ತೆರುತ್ತಿದ್ದಾಳೆಂದು ಕಥೆ ಹೇಳುವುದೇ ಇಲ್ಲ.

ಮೊನ್ನೆಯ ಚಿತ್ರ ಮುಗಿಯಿತು. ಹುಡುಗಿ ಪಟ್ಟಣದ ಕೆಲಸ ಬಿಟ್ಟು ಬೇಕರಿಯವನ ಕೈ ಹಿಡಿದಳು. ಮುವ್ವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದು, ತಂದೆತಾಯಿಯರನ್ನು ಕೊನೆತನಕ ನೋಡಿಕೊಂಡು, ನನ್ನ ಕಾಲೇಜಿನ ಫೀಸನ್ನೂ ಕಟ್ಟಿದ ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು. "ಚೆನ್ನಾಗಿತ್ತು. ಆದರೆ ಕೆಲಸ ಬಿಟ್ಟುಬಿಟ್ಟಳಲ್ಲ, ಫೆಬ್ರವರಿಯಲ್ಲಿ ಏನು ಮಾಡುತ್ತಾಳೆ?"

"ಅಜ್ಜೀ, ಸಿನಿಮಾ ಡಿಸೆಂಬರಿಗೇ ಮುಗಿಯುತ್ತೆ" ಎಂದಳು ಮೊಮ್ಮಗಳು.

"ಅದೇ ನಾನು ಹೇಳುವುದು" ಎಂದು ಅಕ್ಕ ಕಂಬಳಿ ಸರಿಮಾಡಿಕೊಂಡು ಮುಂದಿನ ಚಿತ್ರ ಹಾಕಲು ಹೇಳಿದಳು. ಈ ಸಲ ನಾನೂ ಕುರ್ಚಿ ಎಳೆದುಕೊಂಡು ಕುಳಿತೆ.